ಅಳಿಯಂದಿರ ಪಂಚಶೀಲ

ಕೊಪ್ಪಳ
ಬಹುಧಾನ್ಯ ಸಂವತ್ಸರ, ಮಾಘ ಶುದ್ಧ ದಶಮಿ
೧೯೩೯

ಹನುಮಸಾಗರದಲ್ಲಿ ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಅವ್ವನಿಗೆ ಹಿರಿಮಗಳ ಶರಣು.

ನಮ್ಮ ಆಳು ದುರಗಪ್ಪ ಬಂಡಿ ಹೊಡೆದುಕೊಂಡು ಮರಳಿ ಬಂದು, ನೀನು ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಅಳಿಯ ನಿನ್ನ ಸಣ್ಣ ಮಗಳ ಬಾಳಿಗೆ ಕಲ್ಲು ಹಾಕಿದ ಎಂದೆಯಂತೆ. ಆ ಬುದ್ಧ ಎಲ್ಲಿದ್ದರೂ ಹಿಡಿದು ತಂದು ನಿನ್ನ ಮುಂದೆ ನಿಲ್ಲಿಸಬೇಕು ಎಂದೆಯಂತೆ. ಅವ್ವಾ, ಅವರು ತೀರಿಹೋಗಿ ಎರಡೂವರೆ ಸಾವಿರ ವರ್ಷವಾಯಿತು. ಹೆಣ್ಣು ನೋಡುವ ದಿನ ದುರಗಪ್ಪ ಹೊರಗೆ ಎತ್ತುಗಳ ಹತ್ತಿರ ಇದ್ದ. ಕಿವಿಗೆ ಬಿದ್ದ ಅರ್ಧ ಮಾತನ್ನು ಹೊತ್ತುಕೊಂಡು ಆಗಲೇ ನಿನ್ನೂರ ದಾರಿ ಹಿಡಿದ. ಉಳಿದರ್ಧ ನಾನು ಬರೆಯುತ್ತೇನೆ. ಯಾರಿಂದಲೂ ಓದಿಸಿಕೊಳ್ಳಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ನಮ್ಮೂರ ಪಾಲ್ಕಿಗುಂಡಿನ ಮೇಲೆ ಅಶೋಕ ರಾಜ ಬರೆಸಿದ ಅಕ್ಷರಗಳಿವೆಯೆಂದು ತಿಳಿದವರು ಹೇಳಿದ್ದು ನಿನಗೆ ನೆನಪಿರಬೇಕು. ದೀಪಾವಳಿ ಮುಗಿದ ಮೇಲೆ ಅದನ್ನು ನೋಡಲೆಂದು ಸಿಂಹಳದ ಒಬ್ಬ ಭಿಕ್ಷು ರೈಲು ಇಳಿದು ಬಂದರು. ದಾರಿ ತೋರಿಸಲು ಹೋದ ನಿನ್ನ ಅಳಿಯಂದಿರು ಅವರನ್ನು ಮನೆಗೇ ಕರೆತಂದರು. ನಮ್ಮ ಪಡಸಾಲೆಯಲ್ಲಿ ಕೆಲವು ದಿನ ಇದ್ದರು. ಮಧ್ಯಾಹ್ನಕ್ಕೆ ಮೊದಲು ಒಂದೇ ಊಟ, ಆಮೇಲೆ ಬರೀ ನೀರು. ಇಂಥ ಅತಿಥಿ ಬಂದರೆ ಯಾವ ಹೆಂಗಸು ಬೇಡವೆನ್ನುತ್ತಾಳೆ? ಅವರ ಹರಕು ಹಿಂದಿಯೂ ಇವರ ಸಾಲೆಯ ಉರ್ದುವೂ ಹೇಗೋ ಕೂಡಿಕೊಂಡವು. ಹುಟ್ಟು, ಮುಪ್ಪು, ಸಾವು, ಬೇಕೆಂದದ್ದು ಸಿಗದೆ ಇರುವುದು, ಇವೆಲ್ಲ ದುಃಖ. ದುಃಖಕ್ಕೆ ಬೇರು ಆಸೆ. ಆ ಬೇರನ್ನು ಕೀಳಬಹುದು. ಕೀಳುವುದಕ್ಕೆ ಒಳ್ಳೆಯ ನೋಟ, ಒಳ್ಳೆಯ ಮಾತು, ಒಳ್ಳೆಯ ದುಡಿಮೆ ಎಂದು ಎಂಟು ಕವಲಿನ ಒಂದು ದಾರಿ ಇದೆ ಎಂದು ಅವರು ಹೇಳುವುದನ್ನು ನಾನೂ ರೊಟ್ಟಿ ಬಡಿಯುತ್ತ ಕೇಳಿದೆ. ಸುಳ್ಳೇಕೆ, ಮನಸ್ಸಿಗೆ ಹಿಡಿಸಿತು.

ಭಿಕ್ಷು ಹೊರಡುವ ದಿನ ಇವರು ಅವರ ಮುಂದೆ ಕೂತು ಐದು ಮಾತು ಕೊಟ್ಟರು. ಜೀವ ತೆಗೆಯುವುದಿಲ್ಲ, ಕೊಡದ್ದನ್ನು ಮುಟ್ಟುವುದಿಲ್ಲ, ಪರಸ್ತ್ರೀಯ ಕಡೆ ಹೋಗುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲು ಸೇವಿಸುವುದಿಲ್ಲ. ಮೂರನೆಯದನ್ನು ಕೇಳಿ ನಾನು ಅಡುಗೆಮನೆಯಿಂದಲೇ ಕೈ ಮುಗಿದೆ. ನಾಲ್ಕನೆಯದು ಅರಿವೆ ಅಂಗಡಿ ಇಟ್ಟವರಿಗೆ ಒಗ್ಗುವಂಥದ್ದಲ್ಲ ಎಂದು ಆಗಲೇ ಅನ್ನಿಸಿತ್ತು.

ಮೊದಲ ಮಾತಿನ ಫಲ ತಗಣಿಗಳಿಗೆ ಸಿಕ್ಕಿತು. ಮಲಗುವ ಹೊರಸಿಗೆ ಕಾಯಿಸಿದ ನೀರು ಸುರಿಯಲು ಬಿಡಲಿಲ್ಲ. ಒಂದೊಂದನ್ನೇ ಹಿಡಿದು, ಸುಖವಾಗಿರಿ ಎಂದು ಹರಸಿ, ಬೇಲಿಯ ಆಚೆ ಬಿಟ್ಟು ಬರುತ್ತಿದ್ದರು. ಬೇಲಿಯ ಆಚೆ ಪಕ್ಕೀರವ್ವನ ಮನೆ. ಆಕೆ ಬಂದು ಆಡಿದ ಮಾತು ಕಾಗದದಲ್ಲಿ ಬರೆಯುವಂಥದ್ದಲ್ಲ.

ಅಂಗಡಿಯಲ್ಲಿ ರಾಜಾಬೀ ಕೆಂಪು ಬಟ್ಟೆ ಹಿಡಿದು ಬಣ್ಣ ನಿಲ್ಲುತ್ತದೆಯೇ ಎಂದು ಕೇಳಿದರೆ ಇವರು, ಒಗೆದ ನೀರಿನಲ್ಲಿ ಓಕುಳಿ ಆಡಬಹುದು ಎಂದರಂತೆ. ಕಟ್ಟೆಯ ಮೇಲೆ ಮಿಷಿನ್ ಇಟ್ಟುಕೊಂಡು ಕೂರುವ ದರ್ಜಿ ಶಬ್ಬೀರಸಾಬ, ಹೀಗಾದರೆ ತಾನು ಏನು ಹೊಲಿಯಲಿ ಎಂದು ನನ್ನ ಹತ್ತಿರ ಬಂದು ದೂರಿದ. ನಾನು ಗಂಡನನ್ನು ಗದರಿಸಲು ಹೋದೆ. ಅವರು ಕಣ್ಣು ಮುಚ್ಚಿ ಉಸಿರು ನೋಡುತ್ತ ಕೂತಿದ್ದರು. ಕಣ್ಣು ಮುಚ್ಚಿದವರ ಹತ್ತಿರ ಜಗಳವಾಡುವುದು ಎಷ್ಟು ಕಷ್ಟವೆಂದು ನಿನಗೆ ಗೊತ್ತಿಲ್ಲ ಅವ್ವಾ.

ಇಂಥದ್ದರಲ್ಲಿ ಅಳವಂಡಿಯವರು ನಮ್ಮ ಕಳಕಮ್ಮನನ್ನು ನೋಡಲು ನಮ್ಮ ಮನೆಗೇ ಬರುತ್ತೇವೆಂದರು. ನೀನು ಆಕೆಯನ್ನು ಕಳಿಸುವಾಗ ಹೇಳಿದ್ದನ್ನೆಲ್ಲ ಮಾಡಿದೆ. ಚಿಕ್ಕಂದಿನ ಜ್ವರದಲ್ಲಿ ಹೋದ ಎಡಗಿವಿ ಗೋಡೆಯ ಕಡೆಗೆ, ಕೇಳುವ ಬಲಗಿವಿ ಬೀಗರ ಕಡೆಗೆ ಬರುವಂತೆ ಚಾಪೆ ಹಾಸಿದೆ. ಇವರನ್ನು ಏನು ಮಾಡುವುದೆಂಬುದೇ ಚಿಂತೆಯಾಗಿತ್ತು. ಸುಮ್ಮನಿದ್ದರೆ ಸುಳ್ಳಾಗುತ್ತದೆಯೇ ಎಂದು ಹಿಂದಿನ ದಿನವೇ ಕೇಳಿದೆ. ಅದಕ್ಕವರು, ಒಳ್ಳೆಯ ಮಾತೆಂದರೆ ಖರೆಯೂ ಇರಬೇಕು, ಹಿತವೂ ಇರಬೇಕು, ಹೊತ್ತೂ ನೋಡಬೇಕು. ಹಾಗಾಗಿ ತಾನಾಗಿ ಬಾಯಿ ಬಿಡುವುದಿಲ್ಲ, ನೇರ ಕೇಳಿದರೆ ಮಾತ್ರ ಮುಚ್ಚಿಡಲಾರೆ ಎಂದರು. ಕೇಳದಂತೆ ನೋಡಿಕೊಂಡರಾಯಿತು ಎಂದುಕೊಂಡು ಅವರನ್ನು ಮೂಲೆಯ ಕಂಬಕ್ಕೆ ಒರಗಿಸಿ, ಧ್ಯಾನಕ್ಕೆ ಕೂತುಬಿಡಿ ಎಂದೆ.

ಬಂದವರು ವರ ಈಶಪ್ಪ, ಅವನ ಸೋದರಮಾವ, ಮತ್ತೆ ಅಜ್ಜಿ ಮುದುಕಮ್ಮ. ಹುಡುಗ ಎತ್ತರದ ಆಳು; ನೋಡಲು ಛಲೋ ಇದ್ದ. ಕಳಕಮ್ಮ ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟಳು. ಶೇಂಗಾ ಹೋಳಿಗೆ ಎರಡನೆಯ ಸಲ ಬಡಿಸಿದೆ. ಇನ್ನೇನು ಗೆದ್ದೆವು ಎನ್ನುವಾಗ ಸೋದರಮಾವ ಮೂಲೆಗೆ ತಿರುಗಿದ.

“ಕೊಟ್ರಪ್ಪನವರ, ನೀವು ಸುಳ್ಳ ಹೇಳಂಗಿಲ್ಲ ಅಂತ ಅಳವಂಡಿತನಕ ಸುದ್ದಿ ಐತಿ. ಅದಕ್ಕ ನಿಮ್ಮನ್ನ ಕೇಳತೀವಿ. ಹುಡುಗೀಗೆ ಏನರ ಐಬು ಐತೇನ್ರಿ?”

ನಾನು ಬಾಗಿಲ ಸಂದಿಯಿಂದ ಕೈಸನ್ನೆ ಮಾಡಿದೆ. ಕಣ್ಣು ತೆರೆದವರು ನನ್ನನ್ನು ನೋಡಲಿಲ್ಲ, ಕಳಕಮ್ಮನನ್ನು ನೋಡಿದರು. ಆಕೆ ತಲೆ ಎತ್ತಿ, ಹೇಳಿರಿ ಎನ್ನುವಂತೆ ಕತ್ತು ಆಡಿಸಿದಳು. ಅದನ್ನು ನಾನು ಕಣ್ಣಾರೆ ಕಂಡೆ.

“ಎಡಗಿವಿ ಕೇಳಂಗಿಲ್ರಿ. ಸಣ್ಣಾಕಿದ್ದಾಗ ಜ್ವರ ಬಂದು ಹೋಗೇತಿ. ಬಲಗಿವಿ ಛಲೋ ಐತಿ. ಬುದ್ಧಿ ಅದಕ್ಕಿಂತ ಛಲೋ ಐತಿ,” ಎಂದರು.

ಸೋದರಮಾವ ಕೈಯಲ್ಲಿದ್ದ ಎಲೆ ಅಡಿಕೆ ಕೆಳಗಿಟ್ಟು ರುಮಾಲು ಸುತ್ತತೊಡಗಿದ. ದುರಗಪ್ಪ ಬಂಡಿ ಹೂಡಿದ್ದು ಇದೇ ಹೊತ್ತಿನಲ್ಲಿ. ಕಳಕಮ್ಮ ಎದ್ದು ಒಳಗೆ ಹೋದಳು. ಅಳುತ್ತಿರುತ್ತಾಳೆಂದು ಹಿಂದೆಯೇ ಓಡಿದರೆ ಆಕೆ ಹೋಳಿಗೆ ತಿನ್ನುತ್ತಿದ್ದಳು.

“ಅಕ್ಕಾ, ಮಾಮಾರನ್ನ ಬೈಬ್ಯಾಡ. ಜಲ್ಮಪೂರ್ತಿ ಒಂದ ಕಡಿಗೆ ಮಾರಿ ಮಾಡಿ ಕುಂದ್ರೂದು ನನ್ನಿಂದ ಆಗಂಗಿಲ್ಲ.”

ಅವ್ವಾ, ನಾವಿಬ್ಬರೂ ಸೇರಿ ಆಕೆಯನ್ನು ಹೇಗೆ ಕೂರಿಸಬೇಕೆಂದು ಯೋಚಿಸಿದೆವೇ ಹೊರತು ಆಕೆಗೆ ಹೇಗಿರುತ್ತದೆಂದು ಕೇಳಿರಲೇ ಇಲ್ಲ. ಅಷ್ಟರಲ್ಲಿ ಪಡಸಾಲೆಯಲ್ಲಿ ಮುದುಕಮ್ಮನ ದನಿ ಕೇಳಿಸಿತು.

“ಕುಂದ್ರಪಾ ಕೆಳಗ. ಅವರು ಖರೇ ಹೇಳ್ಯಾರ. ನಾವು ಬಾಯಿ ಮುಚಗೊಂಡು ಹೋದ್ರ ಮನಷ್ಯಾರೇನು ನಾವು?”

ಆಗ ಈಶಪ್ಪ ನೆಲ ನೋಡುತ್ತ, ತಾನು ಗೊರಕೆ ಹೊಡೆಯುತ್ತೇನೆಂದು ಒಪ್ಪಿಕೊಂಡ. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. ಗೊರಕೆಯೆಂದರೆ ಸಾಮಾನ್ಯ ಗೊರಕೆ ಅಲ್ಲ, ಒಮ್ಮೆ ಎತ್ತುಗಳು ಹಗ್ಗ ಹರಿದುಕೊಂಡು ಓಡಿದ್ದವು ಎಂದಳು. ಹೋದ ವರ್ಷ ಕುಷ್ಟಗಿಯಲ್ಲಿ ಸಂಬಂಧ ಗಟ್ಟಿಯಾಗಿ, ಹಬ್ಬಕ್ಕೆಂದು ಬೀಗರ ಮನೆಯಲ್ಲಿ ಇವನು ಒಂದು ರಾತ್ರಿ ಮಲಗಿದ್ದಕ್ಕೇ ಅದು ಮುರಿದುಹೋಯಿತಂತೆ. ಎತ್ತರದ ಹುಡುಗ ಅಷ್ಟು ಚಿಕ್ಕವನಾಗಿ ಕೂತದ್ದನ್ನು ನೋಡಿ ನನಗೇ ಅಯ್ಯೋ ಅನಿಸಿತು.

ಕಳಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ಬಲಗಿವಿ ದಿಂಬಿಗೆ ಒತ್ತಿ ಮಲಗಿದ್ರ ಆತು,” ಎಂದಳು.

ನಾನು ಆ ಮಾತನ್ನು ಹೊರಗೆ ಒಯ್ಯಲಿಲ್ಲ, ಆಕೆಗೆ ಒಪ್ಪಿಗೆಯಿದೆ ಎಂದಷ್ಟೇ ಹೇಳಿದೆ. ಆಕೆ ನೀರು ತಂದು, ಈ ಸಲ ಯಾವ ಕಿವಿ ಯಾವ ಕಡೆಗೆಂದು ನೋಡದೆ ಚಾಪೆಯ ಮೇಲೆ ಕೂತಾಗ ಈಶಪ್ಪ ಎದ್ದು, ಸುತ್ತು ಹಾಕಿ, ಆಕೆಯ ಬಲಗಡೆ ಬಂದು ಕೂತು, ನೀವು ಓದಲು ಬರೆಯಲು ಎಲ್ಲಿ ಕಲಿತಿರಿ ಎಂದು ಕೇಳಿದ. ಸೋದರಮಾವ ರುಮಾಲು ಬಿಚ್ಚಿಟ್ಟ. ವೈಶಾಖದಲ್ಲಿ ಮದುವೆ.

ಅವರು ಹೋದ ಮೇಲೆ ಹೆದರಿಕೆ ಆಗಲಿಲ್ಲವೇ ಎಂದು ಇವರನ್ನು ಕೇಳಿದೆ. ಆಯಿತು, ಉಸಿರು ನೋಡಲು ಹೋದರೆ ಉಸಿರೇ ಸಿಗಲಿಲ್ಲ ಎಂದರು. ಆ ದಿನದಿಂದ ನಾನು ಅವರ ಮೇಲೆ ರೇಗಿಲ್ಲ. ರೇಗಿದ್ದೇನೆ, ಆದರೆ ಕಡಿಮೆ.

ಇನ್ನು ಸಿಟ್ಟು ಇಳಿಸಿ ಹಪ್ಪಳ ಸಂಡಿಗೆಗೆ ಶುರು ಮಾಡು.

ನಿನ್ನ ಮಗಳು,
ವಿರೂಪಾಕ್ಷಮ್ಮ

ತಾ. ಕ.: ಇದನ್ನು ಬರೆಯಬಾರದು ಎಂದಿದ್ದೆ. ಹೊರಡುವ ಮೊದಲು ಮುದುಕಮ್ಮ, ಹುಡುಗಿಯ ತಾಯಿ ಎಂಥವರು ಎಂದೂ ಇವರನ್ನು ಕೇಳಿದಳು. ಇವರು ಹೇಳಿದರು. ಬಹಳ ಹೊತ್ತು ಹೇಳಿದರು. ಅದನ್ನೆಲ್ಲ ಕೇಳಿಯೂ ಸಂಬಂಧ ಬಿಡಲಿಲ್ಲವೆಂದ ಮೇಲೆ ಅಳವಂಡಿಯವರು ಒಳ್ಳೆಯ ಜನರೇ ಇರಬೇಕು.