ಅಮ್ಮನ ಎಂಟು ಸಾವಿರ ಹೆಜ್ಜೆ

ಹಜ್ರಿಕ್,

ಫ್ಯಾಕ್ಟರಿಯೊಳಗೆ ನಿನ್ನ ಕೈಗೆ ಫೋನ್ ಕೊಡುವುದಿಲ್ಲ, ಅದಕ್ಕೇ ಈ ಚೀಟಿ. ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಕುಸಿದುಬಿದ್ದರು. ಇಪೋ ಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದೇನೆ. ಸಕ್ಕರೆ ಕಾಯಿಲೆಗೆ ಎಡಪಾದ ಪೂರ್ತಿ ಕಪ್ಪಾಗಿದೆ. ನಾಳೆ ಮೊಣಕಾಲಿನವರೆಗೆ ಕತ್ತರಿಸುತ್ತಾರೆ.

ನಾನು ಮತ್ತೆ ಆಸ್ಪತ್ರೆಗೆ ಹೊರಡುವಾಗ ಮಗುವನ್ನು ಪಕ್ಕದ ಮನೆಯಲ್ಲಿ ಬಿಡುತ್ತೇನೆ. ಒಲೆ ಮೇಲೆ ಗಂಜಿ ಇದೆ, ತಿಂದೇ ಬಾ. ಅಮ್ಮ ಉಡುವ ಸರೋಂಗು ಹಗ್ಗದ ಮೇಲಿದೆ, ತಾ.

ಫ್ರಿಜ್ ಮೇಲೆ ನೀನು ಅಂಟಿಸಿದ ನಡಿಗೆಯ ಚಾರ್ಟನ್ನು ನಾನು ಹರಿದಿಲ್ಲ. ಮೂರು ತಿಂಗಳಿಂದ ಅಮ್ಮನ ಸಾಲು ಹಸಿರೋ ಹಸಿರು, ದಿನಕ್ಕೆ ಎಂಟು ಸಾವಿರ ಹೆಜ್ಜೆ. ಅಮ್ಮ ಕುಂಟುತ್ತಿದ್ದಾರೆ ಕಣೋ ಅಂತ ನಾನು ಹೇಳಿದಾಗ, "ಅಂಕಿ ನೋಡಕ್ಕಾ, ನಿನಗಿಂತ ಜಾಸ್ತಿ ನಡೀತಾರೆ" ಅಂದೆ ನೀನು. ನಾನೂ ನಂಬಿದೆ.

ನೀನು ಅಮ್ಮನಿಗೆ ಕಟ್ಟಿದ, ಹೆಜ್ಜೆ ಎಣಿಸಿ ನಿನ್ನ ಫೋನಿಗೆ ಕಳಿಸುವ ಆ ಕೈಪಟ್ಟಿಯನ್ನು ಅಮ್ಮ ಮಗುವಿನ ಸ್ಪ್ರಿಂಗ್ ತೊಟ್ಟಿಲಿಗೆ ಕಟ್ಟಿ, ಕುರ್ಚಿಯಲ್ಲಿ ಕೂತು ದಿನವಿಡೀ ಜಗ್ಗುತ್ತಿದ್ದರಂತೆ. ಯಾಕಮ್ಮಾ ಅಂತ ಆಸ್ಪತ್ರೆಯಲ್ಲಿ ಕೇಳಿದೆ. "ಸಾಲು ಕೆಂಪಾದ್ರೆ ಅವನು ಮುಖ ಗಂಟು ಹಾಕ್ಕೊಂಡು ಊಟ ಬಿಡ್ತಾನೆ ಕಣೇ" ಅಂದರು.

ತೊಟ್ಟಿಲಿಂದ ಆ ಪಟ್ಟಿಯನ್ನು ನಾನು ಬಿಚ್ಚಿಲ್ಲ. ಈಗಷ್ಟೇ ಅದರಲ್ಲೇ ಮಗುವನ್ನು ತೂಗಿ ಮಲಗಿಸಿದೆ. ನಿನ್ನ ಫೋನ್ ತೆಗೆದು ನೋಡು, ಅಮ್ಮ ಇವತ್ತೂ ಆರುನೂರು ಹೆಜ್ಜೆ ನಡೆದಿದ್ದಾರೆ.

ರೋಹಾಯು ಅಕ್ಕ