ತೊಲೆಯ ಮೇಲಿನ ಹಸಿಮಣ್ಣು

ಅಕ್ಕಾ,

ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು! ಚಳಿಗಾಲದಲ್ಲಿ ನಮ್ಮ ಬಟ್ಟೆ ತಂತಿಯ ಮೇಲೆ ಸಾಲಾಗಿ ಕೂತು ನಿನ್ನಿಂದ ಬೈಸಿಕೊಳ್ಳುವ ಹಕ್ಕಿಗಳ ತವರುಮನೆ ಸಿಕ್ಕಿತು. ಇಲ್ಲಿ ಉತ್ತರದ ಬೆಟ್ಟದೂರಿನಲ್ಲಿ ನಾನು ಬಣ್ಣ ಹೊಡೆಯುತ್ತಿರುವ ಗ್ಯಾರೇಜಿನಲ್ಲೇ ಇದೆ!

ಮೊನ್ನೆ ತೊಲೆಗೆ ಅಂಟಿದ್ದ ಹಸಿಮಣ್ಣನ್ನು ಕಣಜದ ಹುಳುವಿನ ಗೂಡೆಂದು ಕೆರೆದು ಹಾಕಿದೆ. ಗ್ಯಾರೇಜಿನ ಯಜಮಾನಿ ಸ್ಪ್ಯಾನರ್ ಹಿಡಿದೇ ಓಡಿ ಬಂದರು. “ಅಯ್ಯೋ, ಅದು ಅಂಬರಗುಬ್ಬಿ ಮನೆ ಕಣಯ್ಯಾ! ಅವಕ್ಕೋಸ್ಕರ ಕಿಟಕಿಗೆ ಗಾಜೇ ಹಾಕ್ಸಿಲ್ಲ ನಾನು!” ನಾನು ಪೆಚ್ಚಾದೆ. ಅವು ಗೂಡು ಕಟ್ಟಿದ್ದನ್ನು ನಮ್ಮೂರಲ್ಲಿ ಯಾರು ಕಂಡಿದ್ದೇವೆ, ಹೇಳು? ಪುಣ್ಯಕ್ಕೆ ಇನ್ನೂ ಮೊಟ್ಟೆ ಇಟ್ಟಿರಲಿಲ್ಲ.

ಗಂಟೆಯೊಳಗೆ ಜೋಡಿ ವಾಪಸ್ಸು! ಕವಲು ಬಾಲ, ಇಟ್ಟಿಗೆ ಬಣ್ಣದ ಗಂಟಲು, ಮಿರುಗುವ ನೀಲಿ ಬೆನ್ನು. ಅವೇ, ಅನುಮಾನವೇ ಇಲ್ಲ. ಮಾಡಿದ ತಪ್ಪಿಗೆ ಅಂಗಳದಲ್ಲಿ ಎರಡು ಬಕೆಟ್ ನೀರು ಸುರಿದು ಕೆಸರು ಮಾಡಿಕೊಟ್ಟೆ. ಕೊಕ್ಕಿನಲ್ಲಿ ಕಡಲೆಕಾಳಿನಷ್ಟು ತಂದು ತಂದು ಮೆತ್ತಿ, ಇವತ್ತಿಗೆ ಅರ್ಧ ಬಟ್ಟಲಿನಷ್ಟು ಕಟ್ಟಿವೆ. ನನಗಿಂತ ಒಳ್ಳೆಯ ಕೆಲಸಗಾರರು!

ಕೆಮ್ಮು ಪೂರ್ತಿ ಹೋಯಿತೆಂದು ಅಮ್ಮನಿಗೆ ಹೇಳು. ಇಲ್ಲಿ ಚಳಿ ಶುರುವಾಗುವ ಮೊದಲೇ ಇವು ಮರಿಗಳ ಜೊತೆ ದಕ್ಷಿಣಕ್ಕೆ ಹೊರಡುತ್ತವಂತೆ. ನನಗೆ ರಜೆ ಸಿಗುವುದು ಅದಾದ ಮೇಲೆಯೇ. ಯಜಮಾನಿ ಕೂಗುತ್ತಿದ್ದಾರೆ, ಬ್ರಷ್ ಒಣಗುತ್ತಿದೆ. ಈ ಸಲ ಹಕ್ಕಿಗಳನ್ನು ತಂತಿಯಿಂದ ಓಡಿಸಬೇಡ ಅಕ್ಕಾ, ಅವರು ನನ್ನ ಕಡೆಯವರು.

ನಿನ್ನ ತಮ್ಮ