ಮೂರನೇ ಸಾಲಿನ ಓಟ

ಅಣ್ಣ,

ವಿಳಾಸ ಕೊಡದೆ ಹೋದವನಿಗೆ ಕಾಗದ ಬರೆಯುವ ಹುಚ್ಚು ನನ್ನದು. ನೀನು ಕಟ್ಟಿದ ಬ್ಯಾಂಡಿನಲ್ಲಿ ಈಗ ಹಳಬ ಅಂದರೆ ನಾನೊಬ್ಬನೇ. ಸಂಜೆ ಆರಕ್ಕೆ ಶೋ ಇಟ್ಟುಕೊಂಡು, ಇವತ್ತು ನೆಲಮಾಳಿಗೆಯಲ್ಲಿ ನಿನ್ನ ನಂತರ ಬಂದ ನಾಲ್ಕನೇ ಡ್ರಮ್ಮರ್ ಜೊತೆ ನಿನ್ನ ಮೊದಲ ಹಾಡು ಎತ್ತಿಕೊಂಡೆವು. ಮೂರನೇ ಸಾಲಿಗೆ ಅವನು ಬಾರಿಸುವುದನ್ನೇ ನಿಲ್ಲಿಸಿದ.

"ಇಲ್ಲಿ ಎಲ್ರೂ ಯಾಕೆ ಓಡ್ತೀರ? ತಾಳ ತಪ್ತಿದೆ."

ನಿನ್ನ ಮುಖವನ್ನೇ ನೋಡಿರದ ಗಿಟಾರಿನವಳು ರೇಗಿದಳು. "ಹಾಡು ಇರೋದೇ ಹಾಗೆ. ಇವರೇ ಕಲಿಸಿದ್ದು."

ಎಲ್ಲರೂ ನನ್ನತ್ತ ತಿರುಗಿದರು. ಆ ಸಾಲಿನಲ್ಲಿ ಓಡುತ್ತೀಯೆಂದು, ಇದೇ ಕೋಣೆಯಲ್ಲಿ, ಎಲ್ಲರೆದುರು ನಿನ್ನನ್ನು ಡ್ರಮ್ಮಿನ ಮುಂದಿನಿಂದ ಎಬ್ಬಿಸಿ ಕಳಿಸಿದವನು ನಾನು.

"ಹೌದು, ಹಾಡು ಇರೋದೇ ಹಾಗೆ," ಎಂದೆ ಹೊಸಬನಿಗೆ. "ನೀನೂ ಓಡು."